ಇಂದು ನಾನು ಯಾವ ಮಗುವನ್ನು ಮರೆತೆ?

ಸತ್ಯವಿಶ್ವಾಸಿಯ ಮುಂದೆ ಎರಡು ಲೆಕ್ಕಗಳಿವೆ. ಒಂದು, ನಾಳೆ ಪರಲೋಕದಲ್ಲಿ ಅಲ್ಲಾಹನು ಕೇಳುವ ಲೆಕ್ಕ. ಇನ್ನೊಂದು, ಅದಕ್ಕೆ ಮೊದಲು ಇಲ್ಲಿಯೇ ಅವನು ತನ್ನನ್ನು ತಾನು ಕೇಳಿಕೊಳ್ಳಬೇಕಾದ ಲೆಕ್ಕ. ಎರಡನೆಯದನ್ನು ಪ್ರಾಮಾಣಿಕವಾಗಿ ನೋಡಿಕೊಂಡವನಿಗೆ ಮೊದಲನೆಯದು ಹಗುರವಾಗುತ್ತದೆ. ಪವಿತ್ರ ಕುರ್‌ಆನಿನ ಅಲ್ ಹಶ್ರ್ ಅಧ್ಯಾಯದ 18ನೆಯ ಸೂಕ್ತವು, ನಾಳೆಗೆಂದು ನಾವು ಏನನ್ನು ಕಳುಹಿಸಿದ್ದೇವೆಂಬುದರ ಕಡೆಗೆ ನಮ್ಮ ಗಮನವನ್ನು ತಿರುಗಿಸುತ್ತದೆ. ಆ ಒಂದೇ ಸೂಕ್ತದಲ್ಲಿ ಅಲ್ಲಾಹನನ್ನು ಭಯಪಡಬೇಕೆಂಬ ಆದೇಶ ಎರಡು ಸಲ ಬಂದಿದೆ. ಅಂತಿಮ ವಿಚಾರಣೆಗೆ ನಿಲ್ಲುವ ಮೊದಲೇ ನಮ್ಮ ವಿಚಾರಣೆಯನ್ನು ನಾವೇ ನಡೆಸಿಕೊಳ್ಳಬೇಕೆಂದು ಹಝ್ರತ್ ಉಮರ್(ರ) ಉಪದೇಶಿಸಿದ್ದಾಗಿ ವರದಿಯಾಗಿದೆ. ಇದಕ್ಕೆ ಅರಬಿಯಲ್ಲಿ ಮುಹಾಸಬ ಎನ್ನುತ್ತಾರೆ. ಇಮಾಮ್ ಗಝ್ಝಾಲಿಯವರು ತಮ್ಮ ಇಹ್ಯಾಉ ಉಲೂಮಿದ್ದೀನ್ ಗ್ರಂಥದಲ್ಲಿ ಇದಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟಿದ್ದಾರೆ. ವ್ಯಾಪಾರಿಯು ಪಾಲುದಾರನೊಡನೆ ಕರಾರು ಮಾಡಿಕೊಂಡು, ಅವನ ಮೇಲೆ ಕಣ್ಣಿಟ್ಟು, ಕೊನೆಗೆ ಲೆಕ್ಕ ಕೇಳುವಂತೆಯೇ ಮನುಷ್ಯನು ತನ್ನ ಮನಸ್ಸಿನೊಡನೆ ನಡೆದುಕೊಳ್ಳಬೇಕೆಂದು ಅವರು ವಿವರಿಸುತ್ತಾರೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಜನರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಂಡಿಯಲ್ಲಿ ಕೊಬ್ಬರಿ ಚೀಲ ತೂಕಕ್ಕೆ ಕುಳಿತಾಗ ಅರ್ಧ ಕಿಲೋ ವ್ಯತ್ಯಾಸ ಬಂದರೂ ಮಾತು ಏರುತ್ತದೆ. ಕೌಟು ಎಷ್ಟು, ಚೂರು ಎಷ್ಟು ಎಂದು ಕೈಯಲ್ಲಿ ತೆಗೆದು ನೋಡುತ್ತಾರೆ. ತೂಕದಲ್ಲಿ ಮೋಸ ಮಾಡುವವರಿಗೆ ವಿನಾಶವಿದೆಯೆಂದು ಕುರ್‌ಆನಿನ ಅಲ್ ಮುತಫ್ಫಿಫೀನ್ ಅಧ್ಯಾಯವು ಆರಂಭದಲ್ಲಿಯೇ ಸಾರಿದೆ. ತಮಗೆ ಬರಬೇಕಾದುದನ್ನು ತುಂಬಿಸಿಕೊಂಡು, ಇತರರಿಗೆ ಕೊಡುವಾಗ ಕಡಿಮೆ ಮಾಡುವವರನ್ನು ಅದು ಖಂಡಿಸಿದೆ. ಆದರೆ ಅಳತೆ ಮತ್ತು ತೂಕ ಇರುವುದು ಕೊಬ್ಬರಿಗೆ ಮಾತ್ರವೇ? ಒಂದು ಮಗುವಿಗೆ ಕೊಡಬೇಕಾದ ಹೊತ್ತು, ಗಮನ, ತಾಳ್ಮೆ, ಇವಕ್ಕೂ ತೂಕವಿಲ್ಲವೇ? ಗೌರವಧನವನ್ನು ಪೂರ್ತಿಯಾಗಿ ಎಣಿಸಿಕೊಂಡು, ಮಗುವಿಗೆ ಕೊಡುವಾಗ ಮಾತ್ರ ತಕ್ಕಡಿಯನ್ನು ಎತ್ತಿ ಹಿಡಿದರೆ ಅದು ಯಾವ ವ್ಯಾಪಾರ?

ಈ ಮಾತು ಯಾರಿಗೆ?

ಕಲಿಸುವವರೆಂದರೆ ಕರಿಹಲಗೆಯ ಮುಂದೆ ನಿಂತ ಮೇಷ್ಟ್ರು ಒಬ್ಬರೇ ಅಲ್ಲ. ಮಗು ಕಲಿಯಬೇಕಾದರೆ ಅದರ ಹಿಂದೆ ಅನೇಕ ಕೈಗಳಿರುತ್ತವೆ. ಅಂಗನವಾಡಿಯ ಕಾರ್ಯಕರ್ತೆ ಮತ್ತು ಸಹಾಯಕಿ, ಬಿಸಿಯೂಟ ಬಡಿಸುವ ತಾಯಿ, ವರ್ಷದ ಮಟ್ಟಿಗೆ ನೇಮಕವಾದ ಅತಿಥಿ ಶಿಕ್ಷಕ, ಸಂಜೆ ಹತ್ತು ಮಕ್ಕಳನ್ನು ಜಗಲಿಯ ಮೇಲೆ ಕೂರಿಸಿಕೊಂಡು ಟ್ಯೂಷನ್ ಹೇಳುವ ಹುಡುಗಿ, ಬೆಳಗ್ಗೆ ಮದ್ರಸದಲ್ಲಿ ಅಲಿಫ್ ಬಾ ಕಲಿಸುವ ಮೌಲವಿ ಸಾಹೇಬರು, ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ತಾಲೂಕಿನ ಹಳ್ಳಿ ಹಳ್ಳಿ ಸುತ್ತುವ ಸಂಪನ್ಮೂಲ ಶಿಕ್ಷಕರು. ಇವರಲ್ಲಿ ಅನೇಕರ ಸಂಬಳ ಸಣ್ಣದು, ಹೆಸರು ಇನ್ನೂ ಸಣ್ಣದು. ಆದರೆ ಹೊಣೆ ಸಣ್ಣದಲ್ಲ. ನಿಮ್ಮಲ್ಲಿ ಪ್ರತಿಯೊಬ್ಬರೂ ಕುರುಬರೇ, ಪ್ರತಿಯೊಬ್ಬರೂ ತಮ್ಮ ಮಂದೆಯ ಬಗ್ಗೆ ಉತ್ತರ ಹೇಳಬೇಕಾದವರೇ ಎಂಬ ಆಶಯದ ಪ್ರವಾದಿವಚನವನ್ನು ಬುಖಾರಿ, ಮುಸ್ಲಿಮ್ ಗ್ರಂಥಗಳು ವರದಿ ಮಾಡಿವೆ. ಮಂದೆ ದೊಡ್ಡದೋ ಚಿಕ್ಕದೋ ಎಂಬುದರ ಮೇಲೆ ಕುರುಬನ ಹೊಣೆ ಹೆಚ್ಚು ಕಡಿಮೆಯಾಗುವುದಿಲ್ಲ.

ಇಂಥ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಹುಳಿಯಾರಿನಲ್ಲಿಯೋ ಹೊನ್ನವಳ್ಳಿಯಲ್ಲಿಯೋ ಮಾಯಸಂದ್ರದಲ್ಲಿಯೋ ಒಂದು ಶಾಲೆಯ ಕೊನೆಯ ಸಾಲಿನಲ್ಲಿ ಅವನು ಕುಳಿತಿದ್ದಾನೆ. ಅವನು ಗಲಾಟೆ ಮಾಡುವುದಿಲ್ಲ. ಹಲಗೆಯ ಮೇಲಿನದನ್ನು ಚಿತ್ರ ಬರೆದಂತೆ ಅಚ್ಚುಕಟ್ಟಾಗಿ ನಕಲು ಮಾಡುತ್ತಾನೆ. ಆದರೆ ಬರೆದುದನ್ನು ಓದಲಾರ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಅವನು ಅಕ್ಷರ ಕೂಡಿಸಲು ಕಲಿಯಬೇಕಾದ ವಯಸ್ಸಿನಲ್ಲಿದ್ದ. ಆ ವರ್ಷ ಸರಕಾರ ಆರಂಭಿಸಿದ ವಿದ್ಯಾಗಮ ಅವನ ಬೀದಿಗೆ ಬಂದು ಸ್ವಲ್ಪ ದಿನಗಳಲ್ಲಿಯೇ ನಿಂತಿತು. 2022–23ರಲ್ಲಿ ಕಲಿಕಾ ಚೇತರಿಕೆಯ ಹಾಳೆಗಳು ಬಂದಾಗ ಪಕ್ಕದವನನ್ನು ನೋಡಿ ತುಂಬಿದ. ಹೀಗೆ ತರಗತಿಯಿಂದ ತರಗತಿಗೆ ದಾಟುತ್ತ ಬಂದ. ಯಾರಿಗೂ ತೊಂದರೆ ಕೊಡದ ಮಗು ಯಾರ ಕಣ್ಣಿಗೂ ಬೀಳಲಿಲ್ಲ. ಇನ್ನೊಂದೆರಡು ವರ್ಷಗಳಲ್ಲಿ ಅವನು ಚೀಲವನ್ನು ಮನೆಯ ಮೂಲೆಗೆಸೆದು ಕಾಯಿ ಸುಲಿಯಲು ಹೋಗುತ್ತಾನೆ. ಕಾಯಿ ಸುಲಿಯುವುದು ಹಲಾಲ್ ದುಡಿಮೆ, ಅದರಲ್ಲಿ ಅವಮಾನವಿಲ್ಲ. ಆದರೆ ಆ ಹುಡುಗ ಆರಿಸಿಕೊಂಡು ಅಲ್ಲಿಗೆ ಹೋದದ್ದಲ್ಲ. ಉಳಿದ ಬಾಗಿಲುಗಳು ಮುಚ್ಚಿದುದರಿಂದ ಹೋದ. ಅವನ್ನು ಮುಚ್ಚಿದವರಾರು? ಪರಲೋಕದಲ್ಲಿ ಈ ಪ್ರಶ್ನೆ ಬಂದರೆ ಉತ್ತರ ಹೇಳಬೇಕಾದವರ ಸಾಲಿನಲ್ಲಿ ನಾವಿಲ್ಲವೆಂದು ಧೈರ್ಯವಾಗಿ ಹೇಳಬಲ್ಲೆವೇ?

ತೊಟ್ಟಿನ ಕೆಳಗಿನ ನುಸಿ

1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ತೆಂಗಿನ ನುಸಿ ಆಮೇಲೆ ನಮ್ಮ ತೋಟಗಳಿಗೂ ಬಂದು ಮಾಡಿದ ಹಾನಿಯನ್ನು ಇಲ್ಲಿನ ಹಿರಿಯರು ಬಲ್ಲರು. ಆ ನುಸಿ ಕಣ್ಣಿಗೆ ಕಾಣುವಷ್ಟು ದೊಡ್ಡದಲ್ಲ. ಎಳೆಗಾಯಿಯ ತೊಟ್ಟಿನ ಎಸಳಿನ ಕೆಳಗೆ ಅಡಗಿ ರಸ ಹೀರುತ್ತದೆ. ಕಾಯಿ ಬೆಳೆದಂತೆ ಮಟ್ಟೆಯ ಮೇಲೆ ಕಂದು ಕಲೆ, ಬಿರುಕು ಕಾಣಿಸುತ್ತದೆ. ನಮಗೆ ಕಲೆ ಕಾಣುವ ಹೊತ್ತಿಗೆ ನುಸಿ ತನ್ನ ಕೆಲಸವನ್ನು ಮಾಡಿಯಾಗಿರುತ್ತದೆ. ಮಗುವಿನ ಕಲಿಕೆಯ ತೊಡಕೂ ಹೀಗೆಯೇ. ಏಳನೆಯ ತರಗತಿಯಲ್ಲಿ ಭಾಗಾಕಾರ ಬಾರದ ಹುಡುಗಿಯ ತೊಡಕು ಹುಟ್ಟಿದ್ದು ಏಳನೆಯ ತರಗತಿಯಲ್ಲಲ್ಲ. ಎರಡನೆಯ ತರಗತಿಯಲ್ಲಿ ಹತ್ತರ ಸ್ಥಾನ, ಬಿಡಿಯ ಸ್ಥಾನ ತಿಳಿಯದೆ ಹೋದಾಗಲೇ ಅದು ತೊಟ್ಟಿನ ಕೆಳಗೆ ಸೇರಿತ್ತು. ನಾವು ಕಲೆಯನ್ನು ನೋಡಿ ಬಯ್ಯುತ್ತೇವೆ, ತೊಟ್ಟನ್ನು ಎತ್ತಿ ನೋಡುವುದಿಲ್ಲ.

ಇನ್ನು ಅಟ್ಟದ ಮೇಲಿನ ಕಾಯಿಯನ್ನು ನೋಡಿ. ಉಂಡೆ ಕೊಬ್ಬರಿಗೆಂದು ಬಲಿತ ಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ, ಹೆಚ್ಚು ಕಡಿಮೆ ಒಂದು ವರ್ಷದವರೆಗೆ ಕಾಯುತ್ತಾರೆ. ಒಳಗಿನ ನೀರು ಇಂಗಿತೇ, ಕೊಬ್ಬರಿ ಚಿಪ್ಪಿನಿಂದ ಬಿಟ್ಟಿತೇ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಕೈಗೆ ತೆಗೆದುಕೊಂಡು ಅಲ್ಲಾಡಿಸಿ ಕಿವಿಗೊಡಬೇಕು. ಎಲ್ಲ ಕಾಯಿಗಳೂ ಒಂದೇ ದಿನ ಒಣಗುವುದಿಲ್ಲ. ಅವಸರದಿಂದ ಒಡೆದವನಿಗೆ ಹಸಿಕಾಯಿಯೂ ಇಲ್ಲ, ಕೊಬ್ಬರಿಯೂ ಇಲ್ಲ. ಒಂದು ಕಾಯಿಗೆ ಇಷ್ಟು ಕಿವಿಗೊಡುವ ನಾವು, ಅಲ್ಲಾಹನು ನಮ್ಮ ಕೈಗೊಪ್ಪಿಸಿದ ಮಗುವಿಗೆ ಎಷ್ಟು ಕಿವಿಗೊಟ್ಟಿದ್ದೇವೆ?

ಪ್ರವಾದಿವರ್ಯರ(ಸ) ಪಾಠಶಾಲೆ

ಮುಹಾಸಬ ಹೇಗಿರಬೇಕೆಂಬುದಕ್ಕೆ ಕುರ್‌ಆನಿನ ಅಬಸ ಅಧ್ಯಾಯಕ್ಕಿಂತ ದೊಡ್ಡ ಪಾಠ ಬೇರೆ ಬೇಕಿಲ್ಲ. ಪ್ರವಾದಿವರ್ಯರು(ಸ) ಕುರೈಷರ ಮುಖಂಡರಿಗೆ ಸತ್ಯಸಂದೇಶವನ್ನು ತಿಳಿಸುತ್ತಿದ್ದರು. ಆ ಹೊತ್ತಿನಲ್ಲಿ ಅಂಧ ಅನುಚರರಾದ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ) ಕಲಿಯುವ ಹಂಬಲದಿಂದ ಬಂದರು. ಮಾತಿನ ನಡುವೆ ಬಂದುದರಿಂದ ಪ್ರವಾದಿವರ್ಯರ(ಸ) ಮುಖದಲ್ಲಿ ಕ್ಷಣಕಾಲ ಬೇಸರ ಮೂಡಿತು. ಅಂಧರಾದ ಅವರಿಗೆ ಅದು ಕಾಣುವಂತಿರಲಿಲ್ಲ. ಪ್ರವಾದಿವರ್ಯರ(ಸ) ಉದ್ದೇಶ ಒಳ್ಳೆಯದೇ ಆಗಿತ್ತು. ಮುಖಂಡರು ಒಪ್ಪಿದರೆ ಊರೇ ಒಪ್ಪೀತೆಂಬ ಆಶೆ ಅದು. ಆದರೂ ಅಲ್ಲಾಹನು ಆ ಕ್ಷಣವನ್ನು ಎತ್ತಿ ತೋರಿಸಿದನು. ಕಲಿಯಲು ಓಡಿ ಬಂದವನನ್ನು ಬಿಟ್ಟು, ಬೇಕಿಲ್ಲವೆಂಬಂತೆ ಕುಳಿತವನ ಕಡೆಗೆ ಗಮನ ಹರಿದುದನ್ನು ಆ ಸೂಕ್ತಗಳು ಹೇಳುತ್ತವೆ. ಸ್ವತಃ ಅಲ್ಲಾಹನ ಸಂದೇಶವಾಹಕರು(ಸ) ಆ ಸೂಕ್ತಗಳನ್ನು ಮುಚ್ಚಿಡದೆ ಜನರಿಗೆ ಓದಿ ಹೇಳಿದರು. ಅನಂತರ ಇಬ್ನು ಉಮ್ಮಿ ಮಕ್ತೂಮರನ್ನು(ರ) ಗೌರವದಿಂದ ಕಂಡರು. ಅವರು ಮದೀನದಲ್ಲಿ ಹಝ್ರತ್ ಬಿಲಾಲರೊಂದಿಗೆ(ರ) ಮುಅದ್ದಿನ್ ಆಗಿದ್ದರು. ಪ್ರವಾದಿವರ್ಯರು(ಸ) ಊರಿನಿಂದ ಹೊರಹೋದಾಗ ಮದೀನದ ಹೊಣೆಯನ್ನು ಹಲವು ಸಲ ಅವರಿಗೆ ಒಪ್ಪಿಸಿದ್ದರು.

ಕಲಿಸುವವರು ಇದನ್ನು ಮತ್ತೆ ಮತ್ತೆ ಓದಬೇಕು. ನಮ್ಮ ಗಮನ ಯಾರ ಕಡೆಗೆ ಹರಿಯುತ್ತದೆ? ಮೊದಲ ಸಾಲಿನ ಚುರುಕು ಮಕ್ಕಳ ಕಡೆಗೆ, ಊರಿನ ಗಣ್ಯರ ಮಕ್ಕಳ ಕಡೆಗೆ, ಕೇಳುವ ಮೊದಲೇ ಕೈ ಎತ್ತುವವರ ಕಡೆಗೆ. ಕಣ್ಣು ಮಂದವಾದ, ಕಿವಿ ಕೇಳದ, ಮಾತು ತಡವಾದ ಮಗುವಿನ ಕಡೆಗೆ? ಅಂಗವಿಕಲರ ಹಕ್ಕುಗಳ ಬಗ್ಗೆ 2016ರಲ್ಲಿ ಬಂದ ಕಾಯಿದೆಯು 21 ಬಗೆಯ ವಿಕಲತೆಗಳನ್ನು ಗುರುತಿಸಿದೆ. ಓದುವಾಗ ಅಕ್ಷರಗಳು ಕಲಸಿಹೋಗುವ ಕಲಿಕಾ ತೊಡಕೂ ಅದರಲ್ಲಿ ಸೇರಿದೆ. ನಾವು ದಡ್ಡ, ಸೋಮಾರಿ ಎಂದು ಹೆಸರಿಟ್ಟ ಮಗುವಿಗೆ ಇಂಥ ತೊಡಕು ಇರಬಹುದೇ ಎಂದು ಒಂದು ಸಲವಾದರೂ ಯೋಚಿಸಿದ್ದೇವೆಯೇ?

ಇನ್ನೊಂದು ಘಟನೆಯನ್ನು ನೋಡಿರಿ. ಮಸೀದಿಗೆ ಬಂದ ಒಬ್ಬರು ಅವಸರವಸರವಾಗಿ ನಮಾಝ್ ಮಾಡಿ ಬಂದು ಸಲಾಮ್ ಹೇಳಿದರು. ಪ್ರವಾದಿವರ್ಯರು(ಸ) ಸಲಾಮಿಗೆ ಉತ್ತರಿಸಿ, ನಮಾಝ್ ಸರಿಯಾಗಲಿಲ್ಲವೆಂದು ತಿಳಿಸಿ ಮರಳಿ ಕಳುಹಿಸಿದರು. ಹೀಗೆ ಮೂರು ಸಲವಾಯಿತು. ಕೊನೆಗೆ ಆ ವ್ಯಕ್ತಿ ತನಗೆ ಇದಕ್ಕಿಂತ ಚೆನ್ನಾಗಿ ಬಾರದು, ಕಲಿಸಿಕೊಡಿ ಎಂದು ಕೇಳಿಕೊಂಡರು. ಆಗ ನಿಲ್ಲುವುದು, ಬಾಗುವುದು, ಸಾಷ್ಟಾಂಗ ಎರಗುವುದು ಎಂದು ಒಂದೊಂದನ್ನೇ ಬಿಡಿಸಿ, ಪ್ರತಿಯೊಂದರಲ್ಲಿಯೂ ನೆಮ್ಮದಿಯಿಂದ ನಿಲ್ಲಬೇಕೆಂದು ಕಲಿಸಿದರು. ಇದರಲ್ಲಿ ಮೂರು ಸಂಗತಿಗಳಿವೆ. ತಪ್ಪನ್ನು ತಪ್ಪೆಂದು ಹೇಳಿದರು, ಸುಳ್ಳು ಹೊಗಳಿಕೆ ಇಲ್ಲ. ತಾನೇ ತಿದ್ದಿಕೊಳ್ಳಲು ಅವಕಾಶ ಕೊಟ್ಟರು. ಕೊನೆಗೆ, ಕೇಳಿದಾಗ ಹಂತ ಹಂತವಾಗಿ ಕಲಿಸಿದರು. ನಾವು ಮೊದಲನೆಯದನ್ನು ಮಾತ್ರ ಮಾಡಿ ಕೆಂಪು ಶಾಯಿಯ ಗೆರೆ ಎಳೆದು ಪುಸ್ತಕವನ್ನು ಹಿಂದಿರುಗಿಸುತ್ತೇವೆ.

ನಮಾಝಿನ ನಡುವೆ ತಿಳಿಯದೆ ಮಾತನಾಡಿದ ಮುಆವಿಯ ಇಬ್ನುಲ್ ಹಕಮ್(ರ) ಅವರ ಘಟನೆಯೂ ಪ್ರಸಿದ್ಧವಾಗಿದೆ. ಸುತ್ತಲಿದ್ದವರು ತೊಡೆ ತಟ್ಟಿ ಅವರನ್ನು ಸುಮ್ಮನಾಗಿಸಿದರು. ಆದರೆ ಪ್ರವಾದಿವರ್ಯರು(ಸ) ನಮಾಝ್ ಮುಗಿಸಿ, ಬಯ್ಯದೆ, ಹೊಡೆಯದೆ, ಮುಖ ಸಿಂಡರಿಸದೆ ವಿಷಯವನ್ನು ತಿಳಿಸಿ ಹೇಳಿದರು. ಅಂಥ ಶಿಕ್ಷಕರನ್ನು ತಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲವೆಂದು ಅವರು ಜೀವನದುದ್ದಕ್ಕೂ ನೆನೆಸಿಕೊಂಡರು. ಪ್ರವಾದಿವರ್ಯರು(ಸ) ಮಾತು ಅರ್ಥವಾಗಲೆಂದು ಮೂರು ಸಲ ಹೇಳುತ್ತಿದ್ದರು. ಕೇಳುವವರಿಗೆ ಬೇಸರ ಬಾರದಂತೆ ದಿನ ನೋಡಿ ಉಪದೇಶಿಸುತ್ತಿದ್ದರು. ಜನರು ದಿನವೂ ಉಪದೇಶ ಬೇಕೆಂದು ಕೇಳಿದಾಗ ಹಝ್ರತ್ ಇಬ್ನು ಮಸ್‌ಊದ್(ರ) ಇದೇ ಮಾದರಿಯನ್ನು ನೆನಪಿಸಿ ಗುರುವಾರಕ್ಕೆ ಮಾತ್ರ ಸೀಮಿತಗೊಳಿಸಿದರು. ಕಲಿಸುವುದರಲ್ಲಿಯೂ ಒಂದು ವಿದ್ಯೆಯಿದೆ. ಕೇಳುವವನ ಸ್ಥಿತಿಯನ್ನು ನೋಡಿ ತನ್ನ ಕ್ರಮವನ್ನು ಬದಲಿಸಿಕೊಳ್ಳುವುದೇ ಆ ವಿದ್ಯೆ.

ಮಲಗುವ ಮುನ್ನ ಐದು ಪ್ರಶ್ನೆಗಳು

ಇಶಾ ನಮಾಝಿನ ನಂತರ ಹತ್ತು ನಿಮಿಷ ಒಂಟಿಯಾಗಿ ಕುಳಿತುಕೊಳ್ಳಿ. ಆ ದಿನದ ಕೆಲಸವನ್ನು ಮುಂದಿಟ್ಟುಕೊಂಡು ಈ ಐದು ಪ್ರಶ್ನೆಗಳನ್ನು ಕೇಳಿಕೊಳ್ಳಿ.

ಮೊದಲನೆಯದು: ಇಂದು ನಾನು ಯಾವ ಮಗುವನ್ನು ಮರೆತೆ? ನಿಮ್ಮ ಬಳಿಗೆ ಬರುವ ಮಕ್ಕಳ ಹೆಸರುಗಳನ್ನು ನೋಡದೆ ಒಂದು ಹಾಳೆಯಲ್ಲಿ ಬರೆಯಿರಿ. ಯಾವ ಹೆಸರು ಕೊನೆಯಲ್ಲಿ ನೆನಪಾಯಿತೋ, ಯಾವುದು ನೆನಪಾಗಲೇ ಇಲ್ಲವೋ, ನಾಳೆ ಬೆಳಗ್ಗೆ ಮೊದಲು ಆ ಮಗುವಿನ ಬಳಿಗೆ ಹೋಗಿ ಹೆಸರು ಹಿಡಿದು ಮಾತನಾಡಿಸಿ.

ಎರಡನೆಯದು: ನಾನು ಕಲಿಸಿದೆನೇ, ಅಥವಾ ಮಾಡಿಕೊಟ್ಟೆನೇ? ನೆರವಾಗುವವರು ಸುಲಭವಾಗಿ ಬೀಳುವ ಹೊಂಡವಿದು. ಮಗು ತಡವರಿಸಿದಾಗ ಕನಿಕರದಿಂದಲೋ ಅವಸರದಿಂದಲೋ ಉತ್ತರವನ್ನು ನಾವೇ ಹೇಳಿಬಿಡುತ್ತೇವೆ. ಮನೆಪಾಠದ ಪುಸ್ತಕ ತುಂಬುತ್ತದೆ, ತಾಯಿ ಸಂತೋಷಪಡುತ್ತಾಳೆ, ಶಾಲೆಯಲ್ಲಿ ಸರಿ ಎಂಬ ಗುರುತು ಬೀಳುತ್ತದೆ. ಆದರೆ ಪರೀಕ್ಷೆಯ ದಿನ ನಾವು ಪಕ್ಕದಲ್ಲಿರುವುದಿಲ್ಲ. ನಾಳೆಯಿಂದ ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿಯೇ ಹತ್ತು ಎಣಿಸಿ. ನೀವು ಸುಮ್ಮನಿದ್ದ ಅಷ್ಟು ಹೊತ್ತಿನಲ್ಲಿ ಎಷ್ಟೋ ಮಕ್ಕಳು ತಾವಾಗಿಯೇ ಉತ್ತರ ಹುಡುಕಿಕೊಳ್ಳುತ್ತಾರೆ.

ಮೂರನೆಯದು: ತೊಡಕು ತಿಳಿವಳಿಕೆಯದೋ, ಭಾಷೆಯದೋ? ನಮ್ಮ ಭಾಗದ ಅನೇಕ ಮುಸ್ಲಿಮ್ ಮನೆಗಳಲ್ಲಿ ದಖನಿ ಉರ್ದು ಮನೆಮಾತು. ಉರ್ದುವಿನಲ್ಲಿ ಳಕಾರವಿಲ್ಲ, ಆದುದರಿಂದ ಆ ಮಗುವಿನ ಬಾಯಲ್ಲಿ ಹಳ್ಳಿ ಹಲ್ಲಿಯಾಗುತ್ತದೆ, ತರಗತಿಯೆಲ್ಲ ನಗುತ್ತದೆ. ಎ ಮತ್ತು ಏ, ಒ ಮತ್ತು ಓ ಇವುಗಳ ನಡುವಿನ ಅಂತರ ಮನೆಯಲ್ಲಿ ಕೇಳಿ ಬೆಳೆದ ಕಿವಿಗೆ ಹೊಸದು. ಬೆಳೆಯೂ ಬೇಳೆಯೂ ಅದಕ್ಕೆ ಒಂದೇ ಆಗಿ ಕೇಳಿಸಬಹುದು. ಅದೇ ಮಗು ಬೆಳಗ್ಗೆ ಮದ್ರಸದಲ್ಲಿ ಬಲದಿಂದ ಎಡಕ್ಕೆ ಓದಿ, ಹತ್ತು ಗಂಟೆಗೆ ಶಾಲೆಯಲ್ಲಿ ಎಡದಿಂದ ಬಲಕ್ಕೆ ಕನ್ನಡ, ಮಧ್ಯಾಹ್ನ ಇಂಗ್ಲಿಷ್ ಓದುತ್ತದೆ. ದಿನಕ್ಕೆ ಮೂರು ಲಿಪಿ! ಅದರ ಶ್ರಮವನ್ನು ನೋಡಿ ಬೆರಗಾಗಬೇಕಾದವರು ನಾವು ದಡ್ಡನೆನ್ನುತ್ತೇವೆ. ಇದಕ್ಕೆ ಇನ್ನೊಂದು ಮುಖವೂ ಇದೆ. ಪಿಂಜಾರ, ನದಾಫ್ ಸಮುದಾಯದ ಅನೇಕ ಮನೆಗಳಲ್ಲಿ ಕನ್ನಡವೇ ಮನೆಮಾತು. ಆ ಮಗುವಿಗೆ ಮದ್ರಸದಲ್ಲಿ ಎಲ್ಲವನ್ನೂ ಉರ್ದುವಿನಲ್ಲಿಯೇ ವಿವರಿಸಿದರೆ ಅದು ಧರ್ಮವನ್ನು ಅರ್ಥವಿಲ್ಲದ ಸದ್ದಾಗಿ ಕಲಿಯುತ್ತದೆ. ಪ್ರತಿಯೊಬ್ಬ ಸಂದೇಶವಾಹಕನನ್ನೂ ಅವನ ಜನರ ಭಾಷೆಯಲ್ಲಿಯೇ ಕಳುಹಿಸಲಾಯಿತೆಂಬ ಸತ್ಯವನ್ನು ಇಬ್ರಾಹೀಮ್ ಅಧ್ಯಾಯದ 4ನೆಯ ಸೂಕ್ತ ತಿಳಿಸುತ್ತದೆ. ಜನರ ಭಾಷೆಯಲ್ಲಿ ತಿಳಿಸಿ ಹೇಳುವುದು ಪ್ರವಾದಿಗಳ ಕ್ರಮವಾಗಿರುವಾಗ ನಾವು ಬೇರೆ ಕ್ರಮ ಹಿಡಿಯುವುದೇಕೆ?

ನಾಲ್ಕನೆಯದು: ನನ್ನ ನಾಲಿಗೆ ಮತ್ತು ಕೈ ಇಂದು ಏನು ಮಾಡಿದವು? ಮಕ್ಕಳ ಶಿಕ್ಷಣ ಹಕ್ಕಿನ 2009ರ ಕಾಯಿದೆಯು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕಾಯಿದೆಗೆ ಹೆದರಿ ಕೋಲನ್ನು ಕೆಳಗಿಟ್ಟವರು ನಾಲಿಗೆಯನ್ನು ಕೆಳಗಿಟ್ಟಿದ್ದಾರೆಯೇ? ಅಪ್ಪನ ಕಸುಬನ್ನು ಹಿಡಿದು ಹಂಗಿಸುವುದು, ಅಕ್ಕನಿಗೆ ಹೋಲಿಸಿ ತಂಗಿಯನ್ನು ಕುಗ್ಗಿಸುವುದು, ಅಡ್ಡಹೆಸರಿಡುವುದು, ಇವು ಮಗುವಿನ ಮೈಮೇಲೆ ಬಾಸುಂಡೆ ಮೂಡಿಸುವುದಿಲ್ಲ. ಆದರೆ ಅಡ್ಡಹೆಸರಿನಿಂದ ಕರೆಯುವುದನ್ನು ಅಲ್ ಹುಜುರಾತ್ ಅಧ್ಯಾಯವು ಸ್ಪಷ್ಟವಾಗಿ ನಿಷೇಧಿಸಿದೆ.

ಐದನೆಯದು: ಕಲಿಸಿದ ವಿಷಯ ನನಗೇ ಸರಿಯಾಗಿ ತಿಳಿದಿತ್ತೇ? ಎಲ್ಲ ಕೆಲಸಗಳಲ್ಲಿಯೂ ಸೊಗಸನ್ನು, ಅಂದರೆ ಇಹ್ಸಾನನ್ನು, ಅಲ್ಲಾಹನು ವಿಧಿಸಿದ್ದಾನೆಂಬ ಹದೀಸ್ ಮುಸ್ಲಿಮ್ ಗ್ರಂಥದಲ್ಲಿದೆ. ಅಲ್ಲಿ ಜಾನುವಾರನ್ನು ದಿಬ್‌ಹ್ ಮಾಡುವವನೂ ಅದಕ್ಕೆ ನೋವು ಕಡಿಮೆಯಾಗುವಂತೆ ಮೊದಲೇ ಚೂರಿ ಹರಿತಗೊಳಿಸಿರಬೇಕೆಂದು ಕಲಿಸಲಾಗಿದೆ. ಕೆಲಸಕ್ಕೆ ಮೊದಲು ಸಿದ್ಧತೆ ಮಾಡಿಕೊಳ್ಳುವುದು ಇಹ್ಸಾನಿನ ಭಾಗವೆಂದಾಯಿತು. ಮರುದಿನದ ಪಾಠವನ್ನು ಹಿಂದಿನ ರಾತ್ರಿ ಒಮ್ಮೆ ಓದಿಕೊಳ್ಳದೆ ಮಕ್ಕಳ ಮುಂದೆ ಕುಳಿತುಕೊಳ್ಳುವುದು ಮೊಂಡು ಚೂರಿಯ ಕೆಲಸ. ತಿಳಿಯದಿದ್ದರೆ ತಿಳಿಯದೆಂದು ಹೇಳಿ, ನಾಳೆ ಕೇಳಿಕೊಂಡು ಬಂದು ಹೇಳಿ. ಅದರಿಂದ ನಿಮ್ಮ ಗೌರವ ಕುಂದುವುದಿಲ್ಲ. ಗೊತ್ತಿಲ್ಲದುದನ್ನು ಕೇಳಿ ತಿಳಿಯಬಹುದೆಂಬ ಪಾಠವನ್ನು ಮಗು ಅಂದು ಕಲಿಯುತ್ತದೆ.

ನೆಪಗಳ ಪರದೆ

ಈ ಪ್ರಶ್ನೆಗಳು ಎದುರಾದ ಕೂಡಲೇ ಮನಸ್ಸು ನೆಪಗಳನ್ನು ಹುಡುಕುತ್ತದೆ. ಸಂಬಳ ಸಾಲದು. ಸಮೀಕ್ಷೆ, ವರದಿ, ಮೊಬೈಲಿನಲ್ಲಿ ತುಂಬಬೇಕಾದ ಮಾಹಿತಿ, ಇವುಗಳಲ್ಲಿಯೇ ದಿನ ಕಳೆಯುತ್ತದೆ. ಮನೆಯವರು ಮಕ್ಕಳ ಕಡೆ ನೋಡುವುದಿಲ್ಲ. ಒಂದೇ ಕೋಣೆಯಲ್ಲಿ ಮೂರು ತರಗತಿ. ಇವು ಸುಳ್ಳೇ? ಅಲ್ಲ. ಇವುಗಳಲ್ಲಿ ಬಹುಪಾಲು ನಿಜ. ನ್ಯಾಯವಾದ ವೇತನಕ್ಕಾಗಿ, ಬೇಕಾದ ಸೌಲಭ್ಯಕ್ಕಾಗಿ ಕೇಳುವುದು ನಿಮ್ಮ ಹಕ್ಕು; ಕೆಲಸಗಾರನ ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂಬುದು ಇಸ್ಲಾಮಿನ ಬೋಧನೆ. ಮದ್ರಸದ ಕಮಿಟಿಯವರೂ ಇದನ್ನು ನೆನಪಿಟ್ಟುಕೊಳ್ಳಲಿ. ಆದರೆ ಮನುಷ್ಯನು ಎಷ್ಟೇ ನೆಪಗಳನ್ನು ಮುಂದಿಟ್ಟರೂ ತನ್ನ ವಿಷಯದಲ್ಲಿ ತಾನೇ ಸಾಕ್ಷಿಯಾಗಿರುತ್ತಾನೆಂದು ಅಲ್ ಕಿಯಾಮ ಅಧ್ಯಾಯ ತಿಳಿಸುತ್ತದೆ. ನಮ್ಮ ಕೈಯಲ್ಲಿಲ್ಲದುದಕ್ಕೆ ಅಲ್ಲಾಹನು ನಮ್ಮನ್ನು ಹಿಡಿಯುವುದಿಲ್ಲ. ಕೈಯಲ್ಲಿದ್ದುದನ್ನು ಏನು ಮಾಡಿದೆವೆಂದು ಕೇಳುತ್ತಾನೆ. ಮಗುವಿನ ಹೆಸರು ಕರೆಯಲು ಸರಕಾರದ ಅನುದಾನ ಬೇಕೇ? ಹತ್ತು ಎಣಿಸುವವರೆಗೆ ಕಾಯಲು ಇಲಾಖೆಯ ಸುತ್ತೋಲೆ ಬೇಕೇ?

ಒಂಟಿಯಾಗಿ ನೋಡಿದರೆ ಬೆನ್ನು ಕಾಣದು

ತನ್ನ ಬೆನ್ನು ತನಗೆ ಕಾಣುವುದಿಲ್ಲ. ಆದುದರಿಂದಲೇ ವಿಶ್ವಾಸಿಯನ್ನು ವಿಶ್ವಾಸಿಯ ಕನ್ನಡಿಯೆಂದು ಹದೀಸಿನಲ್ಲಿ ಕರೆಯಲಾಗಿದೆ. ಕನ್ನಡಿ ಕಲೆಯನ್ನು ತೋರಿಸುತ್ತದೆ, ಆದರೆ ಊರಿಗೆಲ್ಲ ಸಾರುವುದಿಲ್ಲ. ನಿಮ್ಮಂತೆಯೇ ಕೆಲಸ ಮಾಡುವ ಒಬ್ಬರನ್ನು ವಾರಕ್ಕೊಮ್ಮೆ ಅರ್ಧ ಗಂಟೆ ನಿಮ್ಮ ಪಾಠದಲ್ಲಿ ಸುಮ್ಮನೆ ಕುಳಿತು ನೋಡಲು ಕೇಳಿಕೊಳ್ಳಿ. ನೀವು ಎಷ್ಟು ಮಾತನಾಡಿದಿರಿ, ಮಕ್ಕಳು ಎಷ್ಟು ಮಾತನಾಡಿದರು, ಯಾವ ಮಗುವಿನ ಕಡೆ ನೀವು ತಿರುಗಲೇ ಇಲ್ಲ ಎಂದು ಅವರು ಹೇಳಲಿ. ಮುಂದಿನ ವಾರ ನೀವು ಅವರ ಪಾಠಕ್ಕೆ ಹೋಗಿ.

ಇದು ಬರಿಯ ಆದರ್ಶದ ಮಾತಲ್ಲ. ನಮ್ಮ ರಾಜ್ಯದಲ್ಲಿಯೇ ಇದಕ್ಕೆ ಸಾಕ್ಷಿಯಿದೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ 1995ರಲ್ಲಿ ನಲಿ–ಕಲಿ ಆರಂಭವಾಯಿತು. ಅಲ್ಲಿನ ಪ್ರಾಥಮಿಕ ಶಾಲೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ತಮ್ಮ ಹಾಡಿಗಳ, ಹಳ್ಳಿಗಳ ಮಕ್ಕಳಿಗೆ ಒಪ್ಪುವ ಕಲಿಕಾ ಕಾರ್ಡುಗಳನ್ನು ತಾವೇ ಸಿದ್ಧಪಡಿಸಿದರು. ಮಗು ತನ್ನ ವೇಗದಲ್ಲಿ ಏಣಿಯ ಮೆಟ್ಟಿಲೇರುವಂತೆ ಕಲಿಯುವ ವ್ಯವಸ್ಥೆ ಅದು. ಅದು 2009–10ರಲ್ಲಿ ರಾಜ್ಯದ ಸರಕಾರಿ ಶಾಲೆಗಳ ಕೆಳ ತರಗತಿಗಳಿಗೆಲ್ಲ ಹರಡಿತು. ದೊಡ್ಡವರು ಯಾರೋ ಬರೆದುಕೊಟ್ಟದ್ದನ್ನು ಕಾಯುತ್ತ ಕೂರದೆ, ತಮ್ಮ ತರಗತಿಯನ್ನು ತಾವೇ ಪ್ರಶ್ನಿಸಿಕೊಂಡ ಹಳ್ಳಿಯ ಶಿಕ್ಷಕರಿಂದ ಆರಂಭವಾದ ಕೆಲಸವಿದು. ಇಂದು ಕ್ಲಸ್ಟರ್ ಮಟ್ಟದಲ್ಲಿ ನಡೆಯುವ ಸಮಾಲೋಚನಾ ಸಭೆಗಳ ಉದ್ದೇಶವೂ ಇದೇ. ಅಲ್ಲಿ ಸಹಿ ಹಾಕಿ ಚಹಾ ಕುಡಿದು ಬರುವುದೋ, ಅಥವಾ ನನ್ನ ತರಗತಿಯ ಒಂದು ಮಗುವಿನ ತೊಡಕನ್ನು ಮುಂದಿಟ್ಟು ದಾರಿ ಕೇಳುವುದೋ, ಅದು ನಮ್ಮ ಕೈಯಲ್ಲಿದೆ. ಮದ್ರಸಗಳ ಮೌಲವಿಗಳೂ ತಿಂಗಳಿಗೊಮ್ಮೆ ಹೀಗೆ ಕಲೆತು, ಮಕ್ಕಳು ಮದ್ರಸ ಬಿಟ್ಟು ಹೋಗುವುದೇಕೆಂದು ತಮ್ಮೊಳಗೆ ಬಿಚ್ಚು ಮನಸ್ಸಿನಿಂದ ಚರ್ಚಿಸಿದರೆ ಎಷ್ಟು ಚೆನ್ನ!

ಎಲ್ಲಕ್ಕಿಂತ ಸ್ವಚ್ಛವಾದ ಕನ್ನಡಿ ಮಗುವೇ. ಇಂದಿನ ಪಾಠದಲ್ಲಿ ಯಾವುದು ತಿಳಿಯಲಿಲ್ಲ ಎಂದು ಮೃದುವಾಗಿ ಕೇಳಿ. ಉತ್ತರ ಬಂದಾಗ ಮುಖ ಬಾಡಿಸಿಕೊಳ್ಳಬೇಡಿ. ಒಮ್ಮೆ ನಿಮ್ಮ ಮುಖ ಬಾಡಿದರೆ ಆ ಮಗು ಇನ್ನೆಂದೂ ನಿಜ ಹೇಳುವುದಿಲ್ಲ.

ತೌಬಾ ಮತ್ತು ತಿದ್ದುಪಡಿ

ಮುಹಾಸಬ ಕಣ್ಣೀರಿನಲ್ಲಿ ಮುಗಿಯಬಾರದು. ಬೆಳಗಿನ ಕೆಲಸದಲ್ಲಿ ಮುಗಿಯಬೇಕು. ನಾನು ಯಾವುದಕ್ಕೂ ಬಾರದವನು ಎಂದು ಹಣೆ ಬಡಿದುಕೊಳ್ಳುವುದು ಆತ್ಮವಿಮರ್ಶೆಯಲ್ಲ, ನಿರಾಶೆ. ಸತ್ಯವಿಶ್ವಾಸಿಯು ಅಲ್ಲಾಹನ ಕೃಪೆಯ ವಿಷಯದಲ್ಲಿ ನಿರಾಶನಾಗುವುದಿಲ್ಲ. ಐದು ಪ್ರಶ್ನೆಗಳಲ್ಲಿ ಕಂಡ ಐದು ಕೊರತೆಗಳನ್ನೂ ಒಂದೇ ದಿನ ತಿದ್ದಲು ಹೊರಡಬೇಡಿ. ಒಂದು ವಾರಕ್ಕೆ ಒಂದನ್ನು ಹಿಡಿಯಿರಿ. ಸಣ್ಣದಾದರೂ ಬಿಡದೆ ಮಾಡುವ ಕರ್ಮವು ಅಲ್ಲಾಹನಿಗೆ ಹೆಚ್ಚು ಪ್ರಿಯವೆಂದು ಹಝ್ರತ್ ಆಯಿಶಾ(ರ) ವರದಿ ಮಾಡಿದ ಹದೀಸಿನಿಂದ ತಿಳಿಯುತ್ತದೆ. ಒಂದು ನೂರು ಪುಟದ ನೋಟ್‌ಬುಕ್ ಇಟ್ಟುಕೊಳ್ಳಿ. ದಿನಕ್ಕೆ ಮೂರು ಸಾಲು ಸಾಕು: ಏನು ಮಾಡಿದೆ, ಮಗುವಿಗೆ ಏನಾಯಿತು, ನಾಳೆ ಏನನ್ನು ಬದಲಿಸುವೆ. ವಾರದ ಕೊನೆಗೆ, ಜುಮುಅದ ದಿ‌ನ ಹಿಂದಿನ ಪುಟಗಳನ್ನು ಓದಿ ನೋಡಿ. ಆ ಪುಸ್ತಕದಲ್ಲಿರುವ ಮಗುವಿನ ಕೊರತೆ ನಿಮ್ಮಲ್ಲಿರುವ ಅಮಾನತ್. ಅದು ಅಂಗಡಿ ಮುಂಗಟ್ಟಿನಲ್ಲಿ, ಮದುವೆ ಮನೆಯಲ್ಲಿ ಮಾತಿನ ವಸ್ತುವಾದರೆ ಗೀಬತ್ ಆಗುತ್ತದೆ.

ಇಲ್ಲಿ ಒಂದು ಗಂಭೀರ ವಿಷಯವನ್ನು ಹೇಳದಿರಲಾಗದು. ಅಲ್ಲಾಹನ ಹಕ್ಕಿನಲ್ಲಿ ಆದ ಲೋಪಕ್ಕೆ ಅವನಲ್ಲಿ ಕ್ಷಮೆ ಬೇಡಿದರೆ ಆಯಿತು. ದಾಸರ ಹಕ್ಕಿನಲ್ಲಿ ಆದ ಲೋಪಕ್ಕೆ ಆ ದಾಸನಿಂದಲೇ ಕ್ಷಮೆ ಪಡೆಯಬೇಕು. ಮಗುವೂ ಅಲ್ಲಾಹನ ದಾಸನೇ. ಹತ್ತು ಮಕ್ಕಳೆದುರು ಒಂದು ಮಗುವನ್ನು ಅನ್ಯಾಯವಾಗಿ ಅವಮಾನಿಸಿದ್ದರೆ, ಆ ಹತ್ತು ಮಕ್ಕಳೆದುರೇ ನನ್ನಿಂದ ತಪ್ಪಾಯಿತು ಮಗೂ ಎಂದು ಹೇಳುವ ಧೈರ್ಯ ನಮಗಿದೆಯೇ? ಹಾಗೆ ಹೇಳಿದರೆ ಮಕ್ಕಳು ಸದರ ಮಾಡುತ್ತಾರೆಂದು ಭಯಪಡಬೇಡಿ. ದೊಡ್ಡವರೂ ತಪ್ಪನ್ನು ಒಪ್ಪಿ ತಿದ್ದಿಕೊಳ್ಳುತ್ತಾರೆಂಬುದನ್ನು ಅವರು ಅಂದು ಕಣ್ಣಾರೆ ಕಾಣುತ್ತಾರೆ. ಯಾವ ಪಠ್ಯಪುಸ್ತಕದಿಂದಲೂ ಆ ಪಾಠ ಸಿಗುವುದಿಲ್ಲ.

ಮನೆಯಲ್ಲಿರುವ ಅಬ್ಬಾ, ಅಮ್ಮಿ, ಅಣ್ಣ, ಆಪಾ, ನೀವೂ ಈ ಲೆಕ್ಕದಿಂದ ಹೊರಗಿಲ್ಲ. ಓದು ಬಾರದ ತಾಯಿಯೂ ಮಗುವಿನ ಓದಿಗೆ ನೆರವಾಗಬಲ್ಲಳು. ಇಂದು ಶಾಲೆಯಲ್ಲಿ ಏನು ಹೇಳಿಕೊಟ್ಟರು, ನನಗೂ ಹೇಳು ಎಂದು ಕೇಳಿ, ಕೆಲಸದ ನಡುವೆ ಕಿವಿಗೊಟ್ಟರೆ ಸಾಕು. ಹೇಳುತ್ತ ಹೇಳುತ್ತ ಮಗು ಕಲಿಯುತ್ತದೆ. ಕಲಿಸುವವರ ಬಗ್ಗೆ ದೂರುವ ಮೊದಲು ಒಂದು ದಿನ ಅವರ ಬಳಿಗೆ ಹೋಗಿ, ನನ್ನ ಮಗುವಿಗಾಗಿ ನಾನೇನು ಮಾಡಲಿ ಎಂದು ಕೇಳಿ. ಆ ಒಂದು ಮಾತಿನಿಂದ ಇಬ್ಬರ ಭಾರವೂ ಹಗುರವಾಗುತ್ತದೆ.

ಪ್ರಿಯ ಸಹೋದರ ಸಹೋದರಿಯರೇ, ಮನುಷ್ಯನು ಮರಣ ಹೊಂದಿದಾಗ ಅವನ ಕರ್ಮಗಳು ನಿಲ್ಲುತ್ತವೆ. ನಿಲ್ಲದೆ ಮುಂದುವರಿಯುವ ಮೂರರಲ್ಲಿ ಜನರಿಗೆ ಪ್ರಯೋಜನವಾಗುವ ಜ್ಞಾನವೂ ಒಂದೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ತೆಂಗಿನ ಸಸಿ ನೆಟ್ಟ ಅಜ್ಜನ ಹೆಸರನ್ನು ಮರಿಮಕ್ಕಳು ಮರೆತರೂ ಮರ ಕಾಯಿ ಕೊಡುತ್ತಲೇ ಇರುತ್ತದೆ. ಕೊನೆಯ ಸಾಲಿನ ಒಂದು ಮಗುವಿಗೆ ನೀವು ಕೂಡಿಸಿ ಓದಲು ಕಲಿಸಿದರೆ, ಅದು ನಾಳೆ ತನ್ನ ಮಗುವಿಗೆ ಓದಿ ಹೇಳಿದ ಪ್ರತಿಯೊಂದು ಸಾಲೂ ಇನ್‌ಶಾ ಅಲ್ಲಾಹ್ ನಿಮ್ಮ ಲೆಕ್ಕಕ್ಕೆ ಸೇರುತ್ತದೆ.

ನಮ್ಮ ಕೈಗೊಪ್ಪಿಸಲಾದ ಮಕ್ಕಳ ಹಕ್ಕನ್ನು ಪೂರ್ತಿ ತೂಗಿ ಕೊಡುವ ಶಕ್ತಿಯನ್ನು ಅಲ್ಲಾಹನು ನಮಗೆ ದಯಪಾಲಿಸಲಿ. ನಮ್ಮ ಕೊರತೆಗಳನ್ನು ಕಾಣುವ ಕಣ್ಣನ್ನೂ, ಕಂಡುದನ್ನು ತಿದ್ದಿಕೊಳ್ಳುವ ಮನಸ್ಸನ್ನೂ ಕೊಡಲಿ. ನಾವು ಮರೆತ ಮಕ್ಕಳನ್ನು ಅವನು ಮರೆಯದಿರಲಿ. ಆಮೀನ್.